ರಾತ್ರಿ 11ಕ್ಕೂ ಮಹಡಿ ಕೋಣಿ 35 ಡಿಗ್ರಿ: ಎಎಸಿ ಬ್ಲಾಕ್, ಡಬಲ್ ಗ್ಲಾಸ್ ಎಲ್ಲಾ ಹಾಕಿದ್ರೂ ಯಾಕ ಹಿಂಗ?

ರಾಯಚೂರ_ಮಾಳಿಗಿ
ತಲಿ ಕೆಟ್ಟು ಕೇಳ್ಲಿಕತ್ತೀನ್ರಿ. ಹೊಸ ಮನಿ. ಗೋಡಿ 8 ಇಂಚಿನ ಎಎಸಿ ಬ್ಲಾಕ್ (ಗಾಳಿ ಗುಳ್ಳಿ ಇರೋ ಹಗುರ ಸಿಮೆಂಟ್ ಬ್ಲಾಕ್), ಕಿಟಕಿ ಎಲ್ಲಾ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟಿನ ಡಬಲ್ ಗ್ಲಾಸ್, ಮಾಳಿಗಿ ಮ್ಯಾಲೆ ಎರಡು ಕೋಟ್ ಬಿಳಿ ಕೂಲ್ ರೂಫ್ ಪೇಂಟ್, ಫಾಲ್ಸ್ ಸೀಲಿಂಗ್ ಒಳಗ ಬಿಸಿ ತಡಿಯೋ 50 ಎಂಎಂ ಗ್ಲಾಸ್ ವೂಲ್. ಇಷ್ಟೆಲ್ಲಾ ಮಾಡಿದ್ರೂ ರಾತ್ರಿ 11ಕ್ಕ ಮ್ಯಾಲಿನ ಕೋಣಿ 35 ಡಿಗ್ರಿ, ಹೊರಗ 30. ಒಂದೂವರಿ ಟನ್ ಎಸಿ 2 ಗಂಟಿ ತನಕ ಕಟ್ ಆಗೂದೇ ಇಲ್ಲ. ಕೆಳಗಿನ ಕೋಣಿ ತಂಪದ. ತಪ್ಪು ಎಲ್ಲಿ ಅದ ಹೇಳ್ರಿ.

ಬಿಳಿ_ತಾರಸಿ
ಪೇಂಟ್ ನೋಡಿ ಮೊದಲು. ನಿಮ್ಮ ಕಡೆ ಧೂಳು ಜಾಸ್ತಿ, ಬಿಳಿ ಬಣ್ಣ ಬೇಗ ಬೂದಿಯಾಗುತ್ತೆ. ಎರಡಡಿ ಚೌಕ ಜಾಗ ಬ್ರಷ್ ಹಾಕಿ ತೊಳೆದು ಒಣಗಿಸಿ, ಮಧ್ಯಾಹ್ನ 2ಕ್ಕೆ ತೊಳೆದ ಜಾಗ, ತೊಳೆಯದ ಜಾಗ ಎರಡನ್ನೂ ಮುಟ್ಟದೇ ಬಿಸಿ ಅಳೆಯುವ ಐಆರ್ ಗನ್‌ನಲ್ಲಿ ಅಳೆಯಿರಿ. ಗನ್ನಿನ ಎಮಿಸಿವಿಟಿ (ಮೇಲ್ಮೈ ಎಷ್ಟು ಶಾಖ ಸೂಸುತ್ತೆ ಅನ್ನೋ ಸೆಟ್ಟಿಂಗ್) 0.95ಕ್ಕೆ ಇಟ್ಟುಕೊಳ್ಳಿ. ಹೊಳೆಯುವ ಸ್ಟೀಲ್ ಅಳೆದರೆ ಲೆಕ್ಕ ತಪ್ಪುತ್ತೆ.

ಗಾರೆ_ಇಟ್ಟಿಗೆ
ಪೇಂಟ್ ಅಲ್ಲ ಸರ್, ಎಎಸಿ ಬ್ಲಾಕೇ ಸಮಸ್ಯೆ. ಘನ ಮೀಟರಿಗೆ 550ರಿಂದ 650 ಕೆಜಿ ತೂಗುವ ಬ್ಲಾಕ್ ಶಾಖ ಹಿಡಿದಿಟ್ಟುಕೊಳ್ಳಲ್ಲ. ಸುಟ್ಟ ಇಟ್ಟಿಗೆ 1700ರ ಹತ್ತಿರ. ಹಳೇ ಮಾಳಿಗೆ ಮನೆಗಳ ಎರಡಡಿ ಮಣ್ಣು ಗೋಡೆ ಯಾಕೆ ತಂಪು ಹೇಳಿ?

ಬಿಳಿ_ತಾರಸಿ
ಎರಡಡಿ ಗೋಡೆ ಈಗಿನ 30x40 ಸೈಟಿನಲ್ಲಿ ಕಟ್ಟೋಕಾಗುತ್ತಾ? ಎಎಸಿಯ ಉಷ್ಣವಾಹಕತೆ 0.16–0.18, ಇಟ್ಟಿಗೆಯದು 0.6ರಿಂದ 1ರ ತನಕ. ಅದೇ ಎಎಸಿ ಗೋಡೆ ಇರುವ ಕೆಳಗಿನ ಕೋಣೆ ತಂಪಿದೆ ಅಂತ ಅವರೇ ಬರೆದಿದ್ದಾರೆ.

ಗಾರೆ_ಇಟ್ಟಿಗೆ
ಕೆಳಗಿನ ಕೋಣೆಗೆ ನೆಲದ ತಂಪು ಸಿಗುತ್ತೆ, ಮೇಲೆ ಬಿಸಿಲೂ ಇಲ್ಲ. ಆ ಹೋಲಿಕೆ ನಿಲ್ಲಲ್ಲ.

ರಾಯಚೂರ_ಮಾಳಿಗಿ
ಅಳದೆ. ತೊಳೆದ ಜಾಗ 44, ತೊಳೀಲಾರದ ಜಾಗ 47. ರೂಫ್ ಯು-ವ್ಯಾಲ್ಯೂ (ಬಿಸಿ ಎಷ್ಟು ದಾಟತದ ಅನ್ನೋ ಅಳತಿ, ಕಡಿಮಿ ಇದ್ದಷ್ಟು ಚಲೋ) 1.2 ಒಳಗ ಅದ, ಮನಿಗಳ ಇಂಧನ ಉಳಿತಾಯದ ನಿಯಮ ಇಕೋ ನಿವಾಸ್ ಸಂಹಿತೆಗೆ ಪಾಸ್ ಅಂತ ಎಂಜಿನಿಯರ್ ಕಾಗದ ಕೊಟ್ಟಾರ.

ಬಿಳಿ_ತಾರಸಿ
3 ಡಿಗ್ರಿ ಕಡಿಮೆಯೇನಲ್ಲ, ಇನ್ನೊಂದು ಕೋಟ್ ಹೊಡೆಯಿರಿ. ಅದಕ್ಕಿಂತ ಒಳ್ಳೆಯದು ಇನ್ಸುಲೇಷನ್ ಸ್ಲ್ಯಾಬಿನ ಮೇಲೆ ಹಾಕೋದು: ವಾಟರ್‌ಪ್ರೂಫಿಂಗ್, 50 ಎಂಎಂ ಎಕ್ಸ್‌ಪಿಎಸ್ (ಗಟ್ಟಿ ಫೋಮ್) ಬೋರ್ಡ್, ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಚಿಕನ್ ಮೆಶ್ ಹಾಕಿ 50 ಎಂಎಂ ಕಾಂಕ್ರೀಟ್, 100ಕ್ಕೆ 1 ಇಳಿಜಾರು, 3 ಮೀಟರಿಗೊಂದು ಜಾಯಿಂಟ್. ಬರೀ 6 ಇಂಚಿನ ಸ್ಲ್ಯಾಬಿನ ಯು-ವ್ಯಾಲ್ಯೂ 3.3ರ ಆಸುಪಾಸು. ಇದು ಹಾಕಿದರೆ 0.5.

ಸಜ್ಜಾ_ಅಳತೆ
ಒಂದು ನಿಮಿಷ. 50 ಎಂಎಂ ಗ್ಲಾಸ್ ವೂಲ್ ಸರಿಯಾಗಿ ಕೂತಿದ್ದರೆ ಈಗಾಗಲೇ 0.65ರ ಹತ್ತಿರ ಇದೆ. ಮತ್ತೆ ಖರ್ಚು ಮಾಡೋ ಮೊದಲು ಇಷ್ಟು ಹೇಳಿ, ಯಾರೂ ಕೇಳಿಲ್ಲ: ಕೋಣೆ ಯಾವ ದಿಕ್ಕಿಗಿದೆ? ಗಾಜು ಎಷ್ಟು ಅಡಿ? ರಾತ್ರಿ ಕಿಟಕಿ ತೆಗೀತೀರಾ? ರಾತ್ರಿ 8ಕ್ಕೆ ಸೀಲಿಂಗ್ ಬೋರ್ಡ್, ನಾಲ್ಕೂ ಗೋಡೆ, ನೆಲ ಅಳೆಯಿರಿ. ಸಂಜೆ 5:30ಕ್ಕೆ ಪರದೆ ಅಳೆಯಿರಿ.

ಸೂರ್ಯ_3ಕಿವ್ಯಾ
ನಮ್ಮಲ್ಲಿ 3 ಕಿಲೋವ್ಯಾಟ್ ಪ್ಯಾನೆಲ್ ತಾರಸಿಯಿಂದ 7 ಅಡಿ ಎತ್ತರಕ್ಕೆ ಹಾಕಿಸಿದ್ದೇವೆ. ಕೆಳಗೆ ನೆರಳೋ ನೆರಳು. ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ಸಬ್ಸಿಡಿ ಸಿಕ್ಕಿತ್ತು.

ಗಾರೆ_ಇಟ್ಟಿಗೆ
7 ಅಡಿ ಎತ್ತರಕ್ಕೆ ಗಾಳಿಯ ಹೊಡೆತ ಲೆಕ್ಕ ಹಾಕಿಸಿದ್ದೀರಾ? ಕಾಲುಗಳನ್ನ ಕಾಲಮ್ ಮೇಲೆ ಕೂರಿಸಿದ್ದೀರಾ, ಬರೀ ಸ್ಲ್ಯಾಬಿಗೆ ಬೋಲ್ಟ್ ಮಾಡಿದ್ದೀರಾ? ಇದಕ್ಕೆ ಬೇರೆ ಚರ್ಚೆ ತೆಗೆಯಿರಿ ಸರ್.

ರಾಯಚೂರ_ಮಾಳಿಗಿ
ಪಶ್ಚಿಮಕ್ಕ ಅದ ರೀ. ಬಾಲ್ಕನಿ ಸ್ಲೈಡಿಂಗ್ ಬಾಗಿಲು 8x7, ಬಾಜೂಕ ಕಿಟಕಿ 5x4. ಮ್ಯಾಲೆ 2 ಅಡಿ ಸಜ್ಜಾ ಅದ. ಸೊಳ್ಳಿ, ಧೂಳು ಅಂತ ಸಂಜಿ 5ಕ್ಕ ಎಲ್ಲಾ ಮುಚ್ಚತೀವಿ. 8 ಗಂಟಿಗೆ ಸೀಲಿಂಗ್ ಬೋರ್ಡ್ 36, ಗೋಡಿ 35–36, ಮಂಚದ ಕೆಳಗಿನ ನೆಲ 34. ಬಾಲ್ಕನಿ ಬಾಗಿಲ ಮುಂದಿನ ಗ್ರಾನೈಟ್ 39! 5:30ಕ್ಕ ಪರದಿ 47 ಇತ್ತು.

ಸಜ್ಜಾ_ಅಳತೆ
ಸಿಕ್ಕಿತು. ಸೀಲಿಂಗೂ ಕೋಣೆಯೂ ಹೆಚ್ಚುಕಡಿಮೆ ಒಂದೇ ಬಿಸಿ, ಅಂದರೆ ಮೇಲಿನಿಂದ ಬರ್ತಿರೋದು ಸ್ವಲ್ಪವೇ. ಗಾಜಿನ ಎದುರಿನ ಗ್ರಾನೈಟ್ 39, ಪರದೆ 47. ಬಿಸಿಲು ನೇರವಾಗಿ ಒಳಗೆ ಬರ್ತಿದೆ.

ಡಬಲ್ ಗ್ಲಾಸ್ ಅಂದರೆ ಬಿಸಿಲು ತಡೆಯುತ್ತೆ ಅಂತ ಬಹಳ ಜನ ತಿಳಿದಿರ್ತಾರೆ. ಎರಡೂ ಗಾಜು ತಿಳಿಯಾಗಿದ್ದರೆ ಯು-ವ್ಯಾಲ್ಯೂ 5.7ರಿಂದ 2.8ಕ್ಕೆ ಇಳಿಯುತ್ತೆ, ಸರಿ. ಆದರೆ ಬಿಸಿಲಿನ ಬಿಸಿಯಲ್ಲಿ ಎಷ್ಟು ಪಾಲು ಒಳಗೆ ಬರುತ್ತೆ ಅಂತ ಹೇಳೋ ಎಸ್‌ಎಚ್‌ಜಿಸಿ 0.82ರಿಂದ 0.7ಕ್ಕಷ್ಟೇ ಬರುತ್ತೆ. ಚೌಕಟ್ಟು ಕಳೆದು ನಿಮ್ಮ ಗಾಜು ಸುಮಾರು 6 ಚದರ ಮೀಟರ್. ಪಶ್ಚಿಮ ಗೋಡೆಗೆ ಸಂಜೆ ಬಿಸಿಲು ಚದರ ಮೀಟರಿಗೆ 600 ವ್ಯಾಟ್ ಹಿಡಿದರೂ 6 x 600 x 0.7 = 2.5 ಕಿಲೋವ್ಯಾಟ್ ಹೀಟರ್. ಒಂದೂವರೆ ಟನ್ ಎಸಿಯ ಸಾಮರ್ಥ್ಯ 5.2 ಕಿಲೋವ್ಯಾಟ್, ಅರ್ಧದಷ್ಟು ಅದಕ್ಕೇ ಹೋಗುತ್ತೆ. ಒಳಗಿನ ಪರದೆ ಬಿಸಿಲು ಗಾಜು ದಾಟಿದ ಮೇಲೆ ಹಿಡಿಯುತ್ತೆ, ಆ ಬಿಸಿ ಕೋಣೆಗೇ ಸೇರುತ್ತೆ.

ಸಜ್ಜಾ ಪಶ್ಚಿಮಕ್ಕೆ ಸಾಲದು. ಏಪ್ರಿಲ್‌ನಲ್ಲಿ ರಾಯಚೂರಲ್ಲಿ 4 ಗಂಟೆಗೆ ಸೂರ್ಯ ಸುಮಾರು 35 ಡಿಗ್ರಿ ಎತ್ತರ. 2 ಅಡಿ ಸಜ್ಜಾದ ನೆರಳು ಒಂದೂವರೆ ಅಡಿಯೂ ಇಳಿಯಲ್ಲ. 5ಕ್ಕೆ ಒಂದಡಿಗಿಂತ ಕಡಿಮೆ. ಬಾಗಿಲು 7 ಅಡಿ.

ಆಮೇಲೆ ಒಳ್ಳೆ ಗೋಡೆ, ಒಳ್ಳೆ ಸೀಲಿಂಗ್, ಬಿಗಿ ಕಿಟಕಿ. ಒಳಗೆ ಸೇರಿದ ಬಿಸಿ ಹೊರಗೆ ಹೋಗೋಕೆ ದಾರಿ ಎಲ್ಲಿದೆ? ಇನ್ಸುಲೇಷನ್ ಮಾಡಿದ ಮನೆಗೆ ನೆರಳು ಇನ್ನೂ ಮುಖ್ಯ.

ಮೂರು ದಿನ ಪರೀಕ್ಷೆ ಮಾಡಿ. 75% ಶೇಡ್ ನೆಟ್ ಗಾಜಿನ ಹೊರಗೆ, ಅರ್ಧ ಅಡಿ ಬಿಟ್ಟು, ಮಧ್ಯಾಹ್ನ 12ರೊಳಗೆ ಇಳಿಬಿಡಿ. ಬೇರೆ ಏನೂ ಬದಲಾಯಿಸಬೇಡಿ.

ಬಿಳಿ_ತಾರಸಿ
ಲೆಕ್ಕ ಒಪ್ಪುತ್ತೇನೆ. ಆದರೂ ಲೈಟ್ ಹಾಕಿದ ಕಡೆ ಗ್ಲಾಸ್ ವೂಲ್ ಸರಿಸಿ ಬಿಟ್ಟಿರ್ತಾರೆ. ಲೈಟ್ ಕಳಚಿ ಕೈ ಹಾಕಿ ನೋಡಿ.

ರಾಯಚೂರ_ಮಾಳಿಗಿ
ಮೂರು ದಿನ ಆತು. ಹೊರಗ ಅದೇ 30. ಕೋಣಿ 11ಕ್ಕ 32.5. ನಾಲ್ಕನೇ ದಿನ ರಾತ್ರಿ 9ಕ್ಕ ಜಾಳಿಗಿ ಹಾಕಿದ ಕಿಟಕಿ, ಮೆಟ್ಟಿಲ ಕಡೆ ಬಾಗಿಲು ಎರಡೂ ತಗದ್ರ 31ಕ್ಕ ಬಂತು. ಲೈಟ್ ಸುತ್ತ ಗೇಣಗಲ ವೂಲ್ ಇರಲಿಲ್ಲ, ಅದೂ ಖರೆ. ಈಗ ಕಾಯಂ ಅಲ್ಯೂಮಿನಿಯಂ ಲೂವರ್ (ಓರಿ ಪಟ್ಟಿ ಜೋಡಿಸಿದ ನೆರಳಿನ ಚೌಕಟ್ಟು) ಸ್ಲೈಡಿಂಗ್ ಮಾಡಸಬೇಕಂತೀನಿ. ಎಎಸಿ ಗೋಡಿಗೆ ಬೋಲ್ಟ್ ನಿಲ್ಲತಾವೇನ್ರಿ?

ಸಜ್ಜಾ_ಅಳತೆ
ಮಾಮೂಲಿ ಆಂಕರ್ ಬೋಲ್ಟ್ ಎಎಸಿಗೆ ಬೇಡವೇ ಬೇಡ. ಅದು ಅಗಲವಾದಂತೆ ಬ್ಲಾಕ್ ಪುಡಿಯಾಗುತ್ತೆ, ಮಳೆಗಾಲದ ಮುಂಚಿನ ಗಾಳಿಗೆ ಕಿತ್ತು ಬರುತ್ತೆ. ಲೂವರ್ ಜಾರುವ ಟ್ರ್ಯಾಕನ್ನ ಬಾಗಿಲ ಮೇಲಿನ ಕಾಂಕ್ರೀಟ್ ಲಿಂಟಲ್ ಬೀಮಿಗೆ ಎಂ10 (10 ಎಂಎಂ) ಬೋಲ್ಟ್ ಹಾಕಿ ಕೂರಿಸಿ. ಲಿಂಟಲ್ ಮುಗಿದ ಮೇಲೆ ಗೋಡೆಗೇ ಹಾಕಬೇಕಾದರೆ ಗೋಡೆ ದಾಟುವ ಬೋಲ್ಟ್, ಎರಡೂ ಕಡೆ 100x100 ಎಂಎಂ, 5 ಎಂಎಂ ದಪ್ಪದ ಪ್ಲೇಟ್.

ಕಿಟಕಿ ರಾತ್ರಿ ತೆಗೆಯೋಕೆ ಆಗದ ದಿನಕ್ಕೆ ಎಕ್ಸಾಸ್ಟ್ ಫ್ಯಾನ್. 12x14x10 ಅಡಿ ಕೋಣೆಯಾದರೆ 48 ಘನ ಮೀಟರ್. ಗಂಟೆಗೆ 20 ಸಲ ಗಾಳಿ ಬದಲಾಗಲು ಸುಮಾರು 950 ಘನ ಮೀಟರ್ ಎಳೆಯುವ ಫ್ಯಾನ್ ಬೇಕು, ಡಬ್ಬದ ಮೇಲೆ ಬರೆದಿರುತ್ತೆ. ಗಾಳಿ ಒಳಗೆ ಬರೋಕೆ ಎದುರು ಕಡೆ ಬಾಗಿಲು ತೆರೆದಿರಬೇಕು.

ಗಾರೆ_ಇಟ್ಟಿಗೆ
ಟ್ರ್ಯಾಕ್ ಸಜ್ಜಾದ ತುದಿಗೆ ನೇತುಹಾಕಿದರೆ ಗಾಜಿಗೂ ಲೂವರಿಗೂ 2 ಅಡಿ ಗಾಳಿ ಜಾಗ ಸಿಗುತ್ತಲ್ಲ?

ಸಜ್ಜಾ_ಅಳತೆ
ಸಿಗುತ್ತೆ, ಒಳ್ಳೆ ಯೋಚನೆ. ಸಜ್ಜಾದ ಮುಖ್ಯ ಕಂಬಿ ಮೇಲ್ಗಡೆ ಇರೋದರಿಂದ ಕೆಳಗಿನಿಂದ 50 ಎಂಎಂ ಆಳದ ರಂಧ್ರ ಕೊರೆಯಬಹುದು. ತುದಿ 3 ಇಂಚಿಗಿಂತ ತೆಳು ಇದ್ದರೆ ಬೇಡ. ಲೂವರಿನ ಭಾರವನ್ನ ಸಜ್ಜಾ ತಡೆಯುತ್ತಾ ಅಂತ ಎಂಜಿನಿಯರ್ ಹತ್ತಿರ ಕೇಳಿಯೇ ಮುಂದುವರಿಯಿರಿ.

ರಾಯಚೂರ_ಮಾಳಿಗಿ
ತುದಿ ಅಳದೆ, ಎರಡೂವರಿ ಇಂಚು ಅದ. ಲಿಂಟಲ್ ಬಾಗಿಲ ಆಚಿ ಈಚಿ ಬರೀ 6 ಇಂಚು ಹೋಗ್ಯದ. ಲೂವರ್ ಸರಿಸಿ ನಿಲ್ಲಸಲಿಕ್ಕ ಬಾಜೂಕ 4 ಅಡಿ ಬೇಕು, ಅಲ್ಲಿ ಪೂರಾ ಎಎಸಿ. ಪ್ಲೇಟ್ ಎಷ್ಟು ಅಡಿಗೊಂದು ಹಾಕಬೇಕ್ರಿ?