ಅಪ್‌ಡೇಟ್: ಹಳೆಯ ಪೈಥಾನ್ ಕೋಡ್‌ನಿಂದ ಕ್ಲಾಸ್ ಡಯಾಗ್ರಾಮ್ ಸಿಕ್ಕಿತು

ಕಲಬುರಗಿಯ ತೊಗರಿ ಬೇಳೆ ಮಿಲ್ ಒಂದರ ಹಳೆಯ ಪೈಥಾನ್ ಬಿಲ್ಲಿಂಗ್ ಕೋಡ್‌ಗೆ ಡಿಸೈನ್ ಚಿತ್ರವೇ (ಕೋಡ್‌ನ ಕ್ಲಾಸ್‌ಗಳನ್ನೂ ಅವುಗಳ ನಡುವಿನ ಸಂಬಂಧವನ್ನೂ ತೋರಿಸುವ ಕ್ಲಾಸ್ ಡಯಾಗ್ರಾಮ್) ಇಲ್ಲ, ಕೋಡ್‌ನಿಂದಲೇ ತೆಗೆಯೋದು ಹೇಗೆ ಅಂತ ಕೇಳಿದ್ದೆ ಅಲ್ವಾ? ಕೆಲಸ ಆಯ್ತು! ಪೈಥಾನ್ ಕೋಡ್ ಓದಿ ಡಯಾಗ್ರಾಮ್ ಮಾಡಿಕೊಡುವ ಪೈರಿವರ್ಸ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಅದು ಕೋಡ್‌ನಲ್ಲಿ ತಪ್ಪು ಹುಡುಕುವ ಪೈಲಿಂಟ್ ಜೊತೆಗೇ ಬರುತ್ತದೆ. ಪಿಎನ್‌ಜಿ ಚಿತ್ರ ಬೇಕಾದರೆ ಡಯಾಗ್ರಾಮ್ ಬಿಡಿಸುವ ಗ್ರಾಫ್‌ವಿಜ್ ಕೂಡ ಇರಬೇಕು.

ಕೋಡ್‌ನಿಂದ ಡಾಕ್ಯುಮೆಂಟ್ ತಯಾರಿಸುವ ಡಾಕ್ಸಿಜನ್‌ನಿಂದ ಅರ್ಧ ಕೆಲಸ ಆಯ್ತು. ಯಾವ ಕ್ಲಾಸ್ ಯಾವುದರಿಂದ ಬಂದಿದೆ ಅಂತ ತೋರಿಸಿತು, ಆದರೆ ‘ಬಿಲ್’ ಒಳಗೆ ‘ರೈತ’ ಇರುವುದು ಕಾಣಲಿಲ್ಲ. ಪೈರಿವರ್ಸ್‌ನಲ್ಲೂ ಆ ಗೆರೆ ಮೊದಲು ಇರಲಿಲ್ಲ. ಕನ್‌ಸ್ಟ್ರಕ್ಟರ್‌ನಲ್ಲಿ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಭಾಗ) ಟೈಪ್ ಹಿಂಟ್, ಅಂದರೆ ಇದು ಯಾವ ಟೈಪ್ ಅನ್ನೋ ಸೂಚನೆ, ಬರೆದ ಮೇಲೆ ಬಂತು.

ಪೈರಿವರ್ಸ್‌ನಿಂದ ಕೇಳದೇ ಸಿಕ್ಕಿದ್ದು ಪ್ಯಾಕೇಜ್ ಡಯಾಗ್ರಾಮ್, ಅಂದರೆ ಯಾವ ಮಾಡ್ಯೂಲ್ (ಕೋಡ್ ಫೈಲ್) ಯಾವುದನ್ನು ಬಳಸುತ್ತದೆ ಅನ್ನೋ ಚಿತ್ರ. ತೂಕದ ಮಾಡ್ಯೂಲ್, ಬಿಲ್ ಮಾಡ್ಯೂಲ್ ಎರಡೂ ಒಂದನ್ನೊಂದು ಇಂಪೋರ್ಟ್ ಮಾಡುತ್ತಿದ್ದವು! ಸುಮ್ನೆ ಕೋಡ್ ಓದಿದರೆ ಇದು ಕಣ್ಣಿಗೇ ಬೀಳಲ್ಲ.

ಯಾವುದು ಯಾವುದನ್ನು ಯಾವ ಕ್ರಮದಲ್ಲಿ ಕರೆಯುತ್ತದೆ ಅಂತ ತೋರಿಸುವ ಸೀಕ್ವೆನ್ಸ್ ಡಯಾಗ್ರಾಮ್ ಮಾತ್ರ ಪೈರಿವರ್ಸ್‌ನಲ್ಲಿ ಬರಲ್ಲ. ಕೋಡ್ ಒಂದೊಂದೇ ಹೆಜ್ಜೆ ಓಡಿಸಿ ನೋಡುವ ಡಿಬಗರ್‌ನಲ್ಲಿ ಒಂದು ಬಿಲ್ ಓಡಿಸಿ, ಪಠ್ಯದಿಂದ ಡಯಾಗ್ರಾಮ್ ಮಾಡುವ ಪ್ಲಾಂಟ್‌ಯುಎಂಎಲ್‌ನಲ್ಲಿ ನಾನೇ ಬರೆಯುತ್ತಿದ್ದೇನೆ.