ತೊಗರಿ ಸಾಗಿಸಲು ಪಿಕಪ್: ಹಳೆಯದೋ, ಹೊಸದೋ? ಇಟ್ಟುಕೊಂಡವರು ತಿಳಿಸಿ

ಚಿಂಚೋಳಿ ತಾಲೂಕಿನ ರೈತ:
ನಮಸ್ಕಾರ. ರಾಶಿಯಾದ ಮೇಲೆ ನಮ್ಮ ಮತ್ತು ಅಕ್ಕಪಕ್ಕದವರ ತೊಗರಿ ಚೀಲಗಳನ್ನು ಕಲಬುರಗಿಯ ಗಂಜ್ ಮಾರುಕಟ್ಟೆಗೆ ಒಯ್ಯಲು, ಉಳಿದ ತಿಂಗಳುಗಳಲ್ಲಿ ಬಾಡಿಗೆಗೆ ಓಡಿಸಲು ಒಂದು ಡೀಸೆಲ್ ಪಿಕಪ್ ಕೊಳ್ಳಬೇಕೆಂದಿದ್ದೇನೆ. 1,38,000 ಕಿಲೋಮೀಟರ್ ಓಡಿದ 2019ರ ಬಿಎಸ್-4 (ಬಿಎಸ್-6ಕ್ಕಿಂತ ಹಿಂದಿನ ಹೊಗೆ ನಿಯಮದ) ಗಾಡಿಯೊಂದು 5,20,000 ರೂಪಾಯಿಗೆ ಸಿಗುತ್ತಿದೆ. ಸಾಲ ಮಾಡಿಯಾದರೂ ಹೊಸದನ್ನೇ ತರಬೇಕೆಂಬುದು ಮಗನ ಹಟ. ನಿಜವಾದ ಖರ್ಚು ಎಷ್ಟು ಬರುತ್ತದೆಂದು ದಯವಿಟ್ಟು ತಿಳಿಸಿ.

ಶಹಾಬಾದ್, ಪರಸಿ ಸಾಗಿಸುವವನು:
ಪರಸಿ ಕಲ್ಲು (ನೆಲಕ್ಕೆ ಹಾಸುವ ಚಪ್ಪಡಿ) ಸಾಗಿಸಲು ನಾನು 2018ರ ಗಾಡಿಯನ್ನು 2021ರಲ್ಲಿ 5,40,000ಕ್ಕೆ ಕೊಂಡೆ. ಕೊಂಡ ಬೆಲೆಯನ್ನು ಯಾರಾದರೂ ಹೇಳುತ್ತಾರೆ, ಆಮೇಲೆ ಕೈಬಿಟ್ಟದ್ದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಬರೆದಿಟ್ಟ ಲೆಕ್ಕವನ್ನೇ ಕೊಡುತ್ತೇನೆ. ಕ್ಲಚ್ ಸೆಟ್ ಮೂರು ಸಲ, ಪ್ರತಿ ಸಲ ಕೂಲಿ ಸೇರಿ 9,800. ಹಿಂದಿನ ಕಮಾನಿನ (ಹೇರು ಹೊರುವ ಸ್ಪ್ರಿಂಗಿನ) ಮುಖ್ಯ ಪಟ್ಟಿ ಎರಡು ಸಲ ಮುರಿಯಿತು, ತಲಾ 3,400. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ತಿರುಗಿಸಿ ಕೊಡುವ ಕ್ರೌನ್ ಪಿನಿಯನ್ ಹಲ್ಲುಚಕ್ರ 18,500. ಮೇ ತಿಂಗಳ ಬಿಸಿಲಿನಲ್ಲಿ ರೇಡಿಯೇಟರ್ ಸೋರಿ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನ ಕೆಳಗಿನ ಸೀಲು) ಹೋಯಿತು, ಹೆಡ್ಡನ್ನು ಸಮ ಮಾಡಿಸುವ ಫೇಸಿಂಗ್ ಸೇರಿ 14,200. ಒಟ್ಟು 68,900, ಇದರಲ್ಲಿ ಟೈರು, ಆಯಿಲ್, ಬ್ರೇಕ್ ಲೈನರ್ ಸೇರಿಲ್ಲ. ಕ್ರೌನ್ ಹೋಗುವ ಮೊದಲು ಹಿಂದಿನ ಆಕ್ಸಲಿನಿಂದ ತಿಂಗಳುಗಟ್ಟಲೆ ಗುಂಯ್ ಎಂಬ ಸದ್ದು ಬರುತ್ತಿತ್ತು, ಆಕ್ಸಿಲರೇಟರ್ ಬಿಟ್ಟೊಡನೆ ನಿಲ್ಲುತ್ತಿತ್ತು. ಅದು ಟೈರಿನ ಸದ್ದೆಂದು ಮಿಸ್ತ್ರಿ ಹೇಳಿದ್ದನ್ನು ನಂಬಿದೆ. ಆಗಲೇ ಬಿಚ್ಚಿಸಿದ್ದರೆ ಬೇರಿಂಗಿನಲ್ಲೇ ಮುಗಿಯುತ್ತಿತ್ತು. ಇಷ್ಟಾದರೂ ಹಳೆಯದೇ ಮೇಲು ಎನ್ನುತ್ತೇನೆ, ಏಕೆಂದರೆ ಇದರ ಹೆಚ್ಚಿನ ಭಾಗಗಳನ್ನು ನಮ್ಮೂರಿನಲ್ಲೇ ಬಿಚ್ಚಿ ಕಟ್ಟಬಹುದು, ಪ್ರತಿಯೊಂದಕ್ಕೂ ಲ್ಯಾಪ್‌ಟಾಪ್ ಬೇಕಿಲ್ಲ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ತಿರುಗಿಸುವ ಇಜಿಆರ್‌ಗೆ ತಗಡು ಹೊಡೆಸಿ ಮುಚ್ಚಿದ ಮೇಲೆ ಎಳೆತವೂ ಚೆನ್ನಾಗಿದೆ.

ಹುಮನಾಬಾದ್, ಬಿಎಸ್-6 ಮಾಲೀಕ:
ಶಹಾಬಾದಿನ ಅಣ್ಣನವರು ಇಜಿಆರ್ ಮುಚ್ಚಿಸಿದ್ದನ್ನು ಹೆಮ್ಮೆಯಿಂದ ಬರೆದದ್ದನ್ನು ಕಂಡು ಬೇಸರವಾಯಿತು. ಹೊಗೆ ನಿಯಂತ್ರಣದ ಭಾಗವನ್ನು ಕೆಡಿಸುವುದು ಕಾನೂನಿಗೆ ವಿರುದ್ಧ, ಹೊಸಬರಿಗೆ ಅದನ್ನು ಹೇಳಿಕೊಡಬಾರದು. ನಾನು 2022ರಲ್ಲಿ ಹೊಸ ಗಾಡಿ ತೆಗೆದುಕೊಂಡೆ, ತಿಂಗಳ ಕಂತು 18,600. ಮೊದಲ ವರ್ಷ ಸುತ್ತಲಿನ ಹಳ್ಳಿಗಳಿಂದ ಹಾಲಿನ ಕ್ಯಾನ್ ತರುವ ಕೆಲಸವಿತ್ತು: ಎರಡು ಕಿಲೋಮೀಟರ್ ಓಡುವುದು, ನಿಲ್ಲುವುದು, ಎಂಜಿನ್ ಬಿಸಿಯಾಗುವಷ್ಟರಲ್ಲಿ ಮತ್ತೆ ನಿಲ್ಲುವುದು. ಹೊಗೆಯ ಮಸಿ ಹಿಡಿಯುವ ಫಿಲ್ಟರಾದ ಡಿಪಿಎಫ್‌ನಲ್ಲಿ ಕೂಡಿದ ಮಸಿ ಸುಟ್ಟುಹೋಗಬೇಕಾದರೆ ಸೈಲೆನ್ಸರಿನ ಹೊಗೆ ಸುಮಾರು 600 ಡಿಗ್ರಿಯವರೆಗೆ ಕಾಯಬೇಕು. ಆ ಓಟದಲ್ಲಿ ಅದು ಎಂದೂ ಕಾಯಲಿಲ್ಲ. ಕಿತ್ತಳೆ ದೀಪ ಹತ್ತಿತು, ನಾನು ಅಲಕ್ಷಿಸಿದೆ. ಎಂಟನೆಯ ದಿನ ಗಾಡಿ ನಲವತ್ತರ ಮೇಲೆ ಏಳಲಿಲ್ಲ. ಮೊದಲು ತೋರಿಸಿದ ಕಡೆ ಡಿಪಿಎಫ್ ಪೂರ್ತಿ ಬದಲಿಸಬೇಕು, 85,000 ಆಗುತ್ತದೆ ಎಂದರು. ಬೇರೆ ಕಡೆ ತೊಳೆಸಿದಾಗ 12,000ಕ್ಕೆ ಮುಗಿಯಿತು, ಒತ್ತಡದ ಸೆನ್ಸರಿಗೆ 7,400 ಬೇರೆ. ಗಾಡಿ ಹನ್ನೊಂದು ದಿನ ನಿಂತದ್ದರಿಂದ ಹಾಲಿನ ಗುತ್ತಿಗೆಯೂ ಕೈತಪ್ಪಿತು. ಬಿಚ್ಚಿದಾಗ ಇನ್ನೊಂದು ತಪ್ಪು ಗೊತ್ತಾಯಿತು: ಅಗ್ಗವೆಂದು ನಾನು ಹಾಕಿಸಿದ್ದ ಎಂಜಿನ್ ಆಯಿಲ್ ಡಿಪಿಎಫ್ ಗಾಡಿಗೆ ಹೊಂದುವ, ಬೂದಿ ಕಡಿಮೆ ಬಿಡುವ ಬಗೆಯದಾಗಿರಲಿಲ್ಲ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲಾಗುವುದಿಲ್ಲ. ಈಗ ರಾತ್ರಿ ಹೆದ್ದಾರಿ 65ರಲ್ಲಿ ಜಹೀರಾಬಾದ್ ದಾಟಿ ಹೈದರಾಬಾದಿಗೆ ತರಕಾರಿ ಒಯ್ಯುತ್ತೇನೆ. ಒಂದೂವರೆ ವರ್ಷದಿಂದ ಆ ದೀಪ ಹತ್ತಿಲ್ಲ.

ಕಲಬುರಗಿ, ಚಾಲಕ:
ನಾನು ಮಾಲೀಕನಲ್ಲ, ಹದಿಮೂರು ವರ್ಷ ಬೇರೆಯವರ ಪಿಕಪ್ ಓಡಿಸಿದವನು. ಶಹಾಬಾದಿನವರು ಗಾಡಿಯಲ್ಲಿ ಎಷ್ಟು ತೂಕ ಹಾಕಿಸುತ್ತಿದ್ದರೆಂಬುದನ್ನು ಮಾತ್ರ ಬರೆದಿಲ್ಲ. ನಾಲ್ಕು ವರ್ಷದಲ್ಲಿ ಮೂರು ಕ್ಲಚ್, ಎರಡು ಪಟ್ಟಿ ಹೋಗಬೇಕಾದರೆ ಒಂದೂವರೆ ಟನ್ನಿನ ಗಾಡಿಯ ಮೇಲೆ ಎರಡೂವರೆ ಟನ್ ಬಿದ್ದಿರಲೇಬೇಕು. ಅದು ಗಾಡಿಯ ದೋಷವಲ್ಲ. ಕಾಗಿಣಾ ಸೇತುವೆಗೆ ಇಳಿಯುವಾಗ ಇಂಥದೇ ಹೇರಿನಲ್ಲಿ ಲೈನರ್ ಕಾದು ಬ್ರೇಕಿನ ಪೆಡಲ್ ನನ್ನ ಕಾಲಡಿ ಹಲಗೆಯವರೆಗೆ ಹೋಯಿತು. ಎರಡನೆಯ ಗೇರಿಗೆ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಡಿಯನ್ನು ಮಣ್ಣಿನ ದಿಣ್ಣೆಗೆ ಒರಗಿಸಿ ನಿಲ್ಲಿಸಿದೆ. ಇಳಿದು ನೋಡಿದರೆ ಬ್ರೇಕ್ ಡ್ರಮ್ಮಿನಿಂದ ಹೊಗೆ ಬರುತ್ತಿತ್ತು. ಅಂದು ಮಾಲೀಕರು ಕೇಳಿದ ಮೊದಲ ಮಾತು, ಕಲ್ಲು ಒಡೆದವೇ ಎಂದು. ಹೆಚ್ಚು ತೂಕಕ್ಕೆ 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ದಂಡವಿದೆ. ಆದರೆ ಸ್ಟೀರಿಂಗ್ ಹಿಡಿದವನ ಜೀವಕ್ಕೆ ಯಾವ ಲೆಕ್ಕವಿದೆ?

ಶಹಾಬಾದ್, ಪರಸಿ ಸಾಗಿಸುವವನು:
ಚಾಲಕ ತಮ್ಮನವರೇ, ನನ್ನ ಗಾಡಿಯನ್ನು ನಾನೇ ಓಡಿಸುತ್ತೇನೆ, ಬೇರೆಯವರ ಜೀವವನ್ನು ಒತ್ತೆಯಿಟ್ಟಿಲ್ಲ. ಎರಡು ಟನ್ ಹಾಕಿದ್ದು ನಿಜ. ಹಾಕುವುದಿಲ್ಲವೆಂದರೆ ಅದೇ ಬಾಡಿಗೆಗೆ ಹಿಂದೆ ನಾಲ್ಕು ಗಾಡಿಗಳು ನಿಂತಿರುತ್ತವೆ. ಮಗಳ ಕಾಲೇಜಿನ ಶುಲ್ಕ ಕಟ್ಟಿದ್ದು ಈ ಗಾಡಿಯೇ. ನನ್ನನ್ನು ನೋಡದೆ ಇಂಥ ಮಾತು ಆಡಬೇಡಿ.

ಶಹಾಪುರ, ಹತ್ತಿ ಸಾಗಿಸುವವನು:
ನಿಮ್ಮಿಬ್ಬರ ಜಗಳದಲ್ಲಿ ಡೀಸೆಲ್ಲಿನ ವಿಷಯ ಯಾರೂ ಎತ್ತಲಿಲ್ಲ. ಹತ್ತಿಯ ಹಂಗಾಮಿನಲ್ಲಿ ಬಂಕಿಗೆ ಹೋಗಿಬರುವ ಹೊತ್ತು ಉಳಿಸಲೆಂದು ಮನೆಯಲ್ಲಿ ಡ್ರಮ್ಮಿನಲ್ಲಿ ಡೀಸೆಲ್ ಇಟ್ಟೆ. ಅದರಲ್ಲಿ ನೀರು ಸೇರಿತ್ತು. ನಾಲ್ಕೂ ಇಂಜೆಕ್ಟರ್ ಹೋದವು, ರಿಪೇರಿಗೆ 28,000 ಆಯಿತು. ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪನ್ನು ವಾರಕ್ಕೊಮ್ಮೆ ಸಡಿಲಿಸಿ ಗಾಜಿನ ಲೋಟಕ್ಕೆ ಹಿಡಿದಿದ್ದರೆ ನೀರು ತಳದಲ್ಲಿ ಬೇರೆಯಾಗಿ ಕಾಣುತ್ತಿತ್ತು. ಆ ಎರಡು ನಿಮಿಷದ ಕೆಲಸ ನಾನು ಮಾಡಲಿಲ್ಲ. ಅದಲ್ಲದೆ ಮಳೆಗಾಲದ ಎರೆಮಣ್ಣು ಬ್ರೇಕ್ ಡ್ರಮ್ಮಿನೊಳಗೆ ಮೆತ್ತಿಕೊಂಡು ಲೈನರ್ ಸವೆಸುತ್ತದೆ. ಥರ್ಡ್ ಪಾರ್ಟಿ ವಿಮೆಯನ್ನೂ ಲೆಕ್ಕಕ್ಕೆ ಹಿಡಿಯಿರಿ: 7,500 ಕಿಲೋವರೆಗಿನ ಸರಕಿನ ಗಾಡಿಗೆ 2022ರಲ್ಲಿ ನಿಗದಿಯಾದ ದರ 16,049, ಮೇಲೆ ಜಿಎಸ್‌ಟಿ. ಅಂದಹಾಗೆ, ಹಳದಿ ಬೋರ್ಡಿನ ಗಾಡಿಗೆ ಬೇರೆ ಲೈಸೆನ್ಸ್ ಮಾಡಿಸಬೇಕು, ಇಲ್ಲದಿದ್ದರೆ ಕ್ಲೇಮ್ ಸಿಗುವುದಿಲ್ಲ.

ಕಲಬುರಗಿ, ಚಾಲಕ:
ಕೊನೆಯ ಮಾತು ತಪ್ಪು. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನಕ್ಕೆ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಗೊತ್ತಿಲ್ಲದ್ದನ್ನು ಬರೆದು ಬಡ ಚಾಲಕರನ್ನು ಏಜೆಂಟರ ಬಾಗಿಲಿಗೆ ಕಳಿಸಬೇಡಿ. ಶಹಾಬಾದಿನ ಅಣ್ಣನವರೇ, ನೀವೇ ಓಡಿಸುತ್ತೀರೆಂದು ನನಗೆ ತಿಳಿದಿರಲಿಲ್ಲ, ಆ ಮಾತಿಗೆ ಕ್ಷಮಿಸಿ. ತೂಕದ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಚಿಂಚೋಳಿ ತಾಲೂಕಿನ ರೈತ:
ಎಲ್ಲರಿಗೂ ಧನ್ಯವಾದ. ನಾನು ನೋಡಿದ ಆ 2019ರ ಗಾಡಿಯ ಕಮಾನಿಗೆ ಒಂದು ಪಟ್ಟಿ ಹೆಚ್ಚಾಗಿ ಕಟ್ಟಿಸಿದ್ದಾರೆ. ಅದು ಗಟ್ಟಿಮುಟ್ಟಾಗಿದೆ ಎಂದುಕೊಂಡಿದ್ದೆ.

ಶಹಾಬಾದ್, ಪರಸಿ ಸಾಗಿಸುವವನು:
ನನ್ನದಕ್ಕೂ ಕಟ್ಟಿಸಿದ್ದೇನೆ. ಹಾಗಿದ್ದರೆ ಅದು ಕಲ್ಲು ಹೊತ್ತ ಗಾಡಿಯೇ ಇರಬೇಕು. ಸಮನೆಲದಲ್ಲಿ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಹಿಂದಿನ ಆಕ್ಸಲಿಗೆ ಹೋಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಅತ್ತಿತ್ತ ತಿರುಗಿಸಿ ನೋಡಿ. ಕಾಲುಭಾಗ ಸುತ್ತು ಸಡಿಲವಿದ್ದರೆ ಕ್ರೌನಿಗೆಂದು 18,500 ಇಳಿಸಿ ಬೆಲೆ ಮಾತಾಡಿ.