ಪದ ಬೇಕು: ಹಾಯಿದೋಣಿಯ ಬ್ಯಾಟರಿಗೆ ‘ಸ್ಟೇಟ್ ಆಫ್ ಚಾರ್ಜ್’

ಗೆಳೆಯರೇ,

ನಾಳೆ ಸಂಜೆಯೊಳಗೆ ಒಂದು ಪದ ಬೇಕು. ಗೋವಾದಲ್ಲಿ ನಾವು ಕೆಲವರು ಸೇರಿ ಒಂದು 34 ಅಡಿಯ ಹಾಯಿದೋಣಿ ಇಟ್ಟುಕೊಂಡಿದ್ದೇವೆ. ಕಾರವಾರ, ಅಂಕೋಲಾ ಕಡೆಯ ಹುಡುಗರು ಕಲಿಯಲು ಬರುತ್ತಾರೆ. ಅವರಿಗಾಗಿ ಸ್ವಿಚ್‌ಬೋರ್ಡಿನ ಪಕ್ಕದ ಫಲಕವನ್ನು ಕನ್ನಡದಲ್ಲಿ ಬರೆಸುತ್ತಿದ್ದೇವೆ. ವೋಲ್ಟ್, ಆಂಪಿಯರ್ ಹಾಗೇ ಇರುತ್ತವೆ, ಅದರಲ್ಲಿ ಚರ್ಚೆ ಬೇಡ. ಸಿಕ್ಕಿಕೊಂಡಿರುವುದು ‘ಸ್ಟೇಟ್ ಆಫ್ ಚಾರ್ಜ್’ನಲ್ಲಿ. ಬ್ಯಾಟರಿಯಲ್ಲಿ ನೂರಕ್ಕೆ ಎಷ್ಟು ಪಾಲು ಇದೆ ಎಂದು ತೋರಿಸುವ ಅಂಕಿ ಅದು.

ಇದು ಬರೀ ಫಲಕದ ಅಂದದ ಮಾತಲ್ಲ. ಕಳೆದ ವರ್ಷ ಕಾರವಾರದ ಹೊರಗೆ, ದೇವಗಡ ದ್ವೀಪದ ದೀಪಸ್ತಂಭ ಕಾಣುವಷ್ಟು ದೂರದಲ್ಲಿದ್ದೆವು. ಸಂಜೆ ಒಂದು ಗಂಟೆ ಎಂಜಿನ್ ಓಡಿಸಿ ನಿಲ್ಲಿಸಿದೆವು. ಮೀಟರ್ 12.8 ವೋಲ್ಟ್ ತೋರಿಸಿತು. ಹುಡುಗ ಪುಸ್ತಕದಲ್ಲಿ ‘ಬ್ಯಾಟರಿ ಫುಲ್’ ಎಂದು ಬರೆದ. ನಾನೂ ನಂಬಿದೆ. ರಾತ್ರಿ ಎರಡರ ಹೊತ್ತಿಗೆ ಆಟೋಪೈಲಟ್ ನಿಂತುಹೋಯಿತು, ಕಂಬದ ತುದಿಯ ದೀಪ ಮಂಕಾಯಿತು. ಸುತ್ತಲೂ ಮೀನಿನ ಬೋಟುಗಳು. ಆಗಷ್ಟೇ ಚಾರ್ಜ್ ಆದ ಬ್ಯಾಟರಿ ಮೇಲುಮೇಲಿನ ವೋಲ್ಟೇಜ್ ತೋರಿಸುತ್ತದೆ, ಅದು ಇಳಿದು ನಿಲ್ಲಲು ಕೆಲವು ಗಂಟೆ ಬೇಕು. ಅದು ನನಗೆ ಗೊತ್ತಿತ್ತು. ಹುಡುಗನಿಗೆ ಹೇಳಿಕೊಡಲು ಕನ್ನಡದಲ್ಲಿ ಮಾತಿರಲಿಲ್ಲ. ಅವನ ಪಾಲಿಗೆ ವೋಲ್ಟೂ ಚಾರ್ಜೂ ಒಂದೇ ಆಗಿತ್ತು.

ಎರಡು ಪದದೊಳಗೆ ಇರಲಿ. ಜಾಗ ಕಡಿಮೆ.

— — —

(ಮೈಸೂರಿನಿಂದ)

ಪದ ಈಗಾಗಲೇ ಇದೆ. ‘ವಿದ್ಯುದಾವೇಶ ಸ್ಥಿತಿ’. ಹೈಸ್ಕೂಲಿನ ವಿಜ್ಞಾನ ಪುಸ್ತಕ ತೆಗೆದು ನೋಡಿ. ಆ + ವಿಶ್, ಒಳಹೊಕ್ಕದ್ದು ಆವೇಶ. ಇದಕ್ಕಿಂತ ಸರಿಯಾದ ಪದ ಹುಟ್ಟಿಸುವುದು ಕಷ್ಟ. ಇರುವ ಪದ ಬಿಟ್ಟು ಹೊಸದು ಕೇಳುವ ಅಭ್ಯಾಸವನ್ನು ಮೊದಲು ಬಿಡಬೇಕು.

— — —

(ಶಿವಮೊಗ್ಗದಿಂದ)

> ಆ + ವಿಶ್, ಒಳಹೊಕ್ಕದ್ದು ಆವೇಶ

ಮೇಷ್ಟ್ರೇ, ನಮ್ಮೂರಿನಲ್ಲಿ ಆವೇಶ ಬರುವುದು ಮೈಮೇಲೆ, ಬ್ಯಾಟರಿಗಲ್ಲ. ರಾತ್ರಿ ಪಾಳಿಯಲ್ಲಿ ಕೂತ ಹುಡುಗನಿಗೆ ಈ ಪದ ಕೊಡಬೇಡಿ.

‘ಚಾರ್ಜ್’ ಎಲ್ಲಿಂದ ಬಂತು ನೋಡಿ. ಲ್ಯಾಟಿನ್ನಿನ ‘ಕಾರಸ್’ ಅಂದರೆ ಬಂಡಿ. ಬಂಡಿಗೆ ಸರಕು ತುಂಬುವುದು ಅದರ ಮೊದಲ ಅರ್ಥ. ಹಡಗಿನ ‘ಕಾರ್ಗೋ’ ಕೂಡ ಅದೇ ಬೇರಿನದು. ಬಂಡಿಗೆ ತುಂಬಿದ್ದಕ್ಕೆ ನಾವು ‘ಹೇರು’ ಅನ್ನುತ್ತೇವೆ. ಹಾಗಾಗಿ ‘ಹೇರುಮಟ್ಟ’. ಅಚ್ಚಗನ್ನಡ, ನಾಲ್ಕೇ ಅಕ್ಷರ. ದೋಣಿಯವರಿಗೆ ಹೇರು ಗೊತ್ತಿಲ್ಲದ ಮಾತೂ ಅಲ್ಲ.

— — —

(ಮಲ್ಪೆಯಿಂದ)

ಹೇರುಮಟ್ಟ ಬೇಡವೇ ಬೇಡ. ನಾನು ಬೋಟುಗಳ ವಯರಿಂಗ್ ಮಾಡುವವನು. ಬ್ಯಾಟರಿಯಿಂದ ಕರೆಂಟ್ ಎಳೆಯುವ ದೀಪ, ಫ್ರಿಜ್, ಪಂಪು ಇವನ್ನು ನಾವು ‘ಲೋಡ್’ ಅನ್ನುತ್ತೇವೆ. ಹೇರು ಎಂದರೂ ಲೋಡೇ. ‘ಹೇರು 80’ ಎಂದು ಓದಿದವನು ಲೋಡ್ ಜಾಸ್ತಿ ಆಯಿತು ಅಂತ ಫ್ರಿಜ್ ಆರಿಸುತ್ತಾನೆ. ತುಂಬಿದ್ದಕ್ಕೂ ಖಾಲಿ ಮಾಡುವುದಕ್ಕೂ ಒಂದೇ ಪದ ಆದರೆ ಹೇಗೆ? ಬೇರು ಹುಡುಕುವಾಗ ಕೊಂಬೆಯನ್ನೂ ನೋಡಬೇಕು, ಅಲ್ವಾ?

ಇಲ್ಲಿ ಎಲ್ಲರೂ ಹೇಳುವುದು ‘ಚಾರ್ಜ್ ಎಷ್ಟಿದೆ’, ‘ಬ್ಯಾಟರಿ ಇಳಿದಿದೆ’ ಅಂತ. ಸುಮ್ನೆ ‘ಚಾರ್ಜ್’ ಅಂತ ಬರೆಯಿರಿ.

ಇನ್ನೊಂದು ಮಾತು. ಪದ ಕೊಡುವವರು ಆ ಅಂಕಿ ಹೇಗೆ ಬರುತ್ತದೆ ಅಂತ ತಿಳಿದು ಕೊಡಲಿ. ಬ್ಯಾಟರಿಯ ನೆಗೆಟಿವ್ ತಂತಿಯಲ್ಲಿ ಶಂಟ್, ಅಂದರೆ ಕರೆಂಟ್ ಅಳೆಯುವ ಲೋಹದ ಪಟ್ಟಿ, ಕೂರಿಸುತ್ತೇವೆ. 500 ಆಂಪಿಯರ್ ಹರಿದಾಗ ಅದರ ಎರಡು ತುದಿಗಳ ನಡುವೆ 50 ಮಿಲಿವೋಲ್ಟ್ ಸಿಗುತ್ತದೆ. 10 ಆಂಪಿಯರ್ ಹರಿದರೆ 1 ಮಿಲಿವೋಲ್ಟ್. ಮೀಟರ್ ಅದನ್ನು ಬಿಡದೆ ಓದಿ, ಒಳಗೆ ಹೋದದ್ದನ್ನು ಕೂಡುತ್ತದೆ, ಹೊರಗೆ ಬಂದದ್ದನ್ನು ಕಳೆಯುತ್ತದೆ. ಶಂಟ್ ದಾಟದೆ ನೇರವಾಗಿ ಬ್ಯಾಟರಿಗೆ ಕಟ್ಟಿದ ಒಂದು ಪಂಪು ಇದ್ದರೂ ಲೆಕ್ಕ ಕೆಡುತ್ತದೆ. ಬ್ಯಾಟರಿ ಪೂರ್ತಿ ತುಂಬಿದಾಗಲೆಲ್ಲ ಲೆಕ್ಕವನ್ನು ಮತ್ತೆ 100ಕ್ಕೆ ತರಬೇಕು. ಇಲ್ಲದಿದ್ದರೆ ಸಣ್ಣ ಸಣ್ಣ ತಪ್ಪು ದಿನದಿನಕ್ಕೆ ಬೆಳೆಯುತ್ತದೆ.

— — —

(ಧಾರವಾಡದಿಂದ)

ಮಲ್ಪೆಯವರು ಹೇಳಿದ್ದನ್ನು ಓದಿ ಕುರ್ಚಿಯಿಂದ ಎದ್ದೆ. ಒಳಗೆ ಬಂದದ್ದು ಜಮಾ. ಹೊರಗೆ ಹೋದದ್ದು ಖರ್ಚು. ಕೊನೆಗೆ ನಿಂತದ್ದು ಶಿಲ್ಕು! ನಾನು ಮೂವತ್ತು ವರ್ಷ ಸಹಕಾರ ಸಂಘದ ಕಿರ್ದಿ ಬರೆದವನು. ದಿನದ ಕೊನೆಗೆ ಪೆಟ್ಟಿಗೆಯ ಹಣ ಎಣಿಸಿ ಶಿಲ್ಕಿಗೆ ತಾಳೆ ನೋಡುವುದೂ ನಿಮ್ಮ ಆ 100ಕ್ಕೆ ತರುವ ಕೆಲಸವೂ ಒಂದೇ. ‘ಚಾರ್ಜ್ ಶಿಲ್ಕು’ ಅನ್ನಿ. ರೈತನ ಮಗನಿಗೂ ಅಂಗಡಿಯವನ ಮಗನಿಗೂ ತಿಳಿಯುತ್ತದೆ.

— — —

(ಶಿವಮೊಗ್ಗದಿಂದ)

ಶಿಲ್ಕು ಮರಾಠಿಯ ‘ಶಿಲ್ಲಕ’. ಜಮಾ, ಖರ್ಚು ಅರಬ್ಬಿ ಪಾರಸಿ ಕಡೆಯವು. ಕನ್ನಡದ ಫಲಕ ಎಂದು ಹೇಳಿ ಮೂರು ಊರಿನ ಕಡ ತರುವುದಾದರೆ ಇಂಗ್ಲಿಷ್ ಫಲಕವೇ ಇರಲಿ.

— — —

(ಮೈಸೂರಿನಿಂದ)

ಹಾಗಾದರೆ ದೋಣಿಯನ್ನೇ ದಡದಲ್ಲಿ ಬಿಡಬೇಕಾಗುತ್ತದೆ. ‘ಲಂಗರು’ ಪಾರಸಿ. ‘ಚುಕ್ಕಾಣಿ’ ಅರಬ್ಬಿಯ ಸುಕ್ಕಾನ್. ‘ಹಾಯಿ’ ಮಾತ್ರ ನಮ್ಮದು, ಹಳೆಯ ‘ಪಾಯಿ’, ತಮಿಳಿನಲ್ಲಿ ಇಂದಿಗೂ ‘ಪಾಯ್’ ಎಂದರೆ ಚಾಪೆ, ಹಾಯಿ ಎರಡೂ. ಲಂಗರಿಲ್ಲದೆ, ಚುಕ್ಕಾಣಿಯಿಲ್ಲದೆ ಬರೀ ಹಾಯಿ ಕಟ್ಟಿಕೊಂಡು ಎಲ್ಲಿಗೆ ಹೋಗುತ್ತೀರಿ? ಕಡಲ ಕೆಲಸದ ಪದಗಳು ಬಂದರಿನಿಂದ ಬಂದರಿಗೆ ಹೋಗುವಂಥವು. ಅವುಗಳ ಊರು ಕೇಳಬಾರದು. ಸಂಸ್ಕೃತದ ಪದ ಬಂದಾಗ ಮಾತ್ರ ನಿಮಗೆ ಗಡಿ ನೆನಪಾಗುವುದು ನನಗೆ ಬೇಸರದ ವಿಷಯ.

— — —

(ಶಿವಮೊಗ್ಗದಿಂದ)

ನೂರು ವರ್ಷ ಬಾಯಲ್ಲಿ ಓಡಾಡಿದ ಲಂಗರು ಬೇರೆ, ನಾಳೆ ಅಂಟಿಸುವ ಫಲಕದ ಪದ ಬೇರೆ. ಹೊಸದಾಗಿ ಕಟ್ಟುವಾಗಲಾದರೂ ನಮ್ಮ ಬೇರಿನಿಂದ ಕಟ್ಟೋಣ ಎಂಬುದಷ್ಟೇ ನನ್ನ ಹಟ. ಹೇರು ಹೊಂದುವುದಿಲ್ಲ ಎಂದು ಮಲ್ಪೆಯವರು ತೋರಿಸಿದ್ದಾರೆ, ಒಪ್ಪಿದೆ. ‘ಉಳಿಕೆ’ ಇದೆಯಲ್ಲ. ಉಳಿ ನಮ್ಮದು, ಕೆ ನಮ್ಮದು.

— — —

ಗೆಳೆಯರೇ, ಮತ್ತೆ ನಾನು.

‘ಸ್ಥಿತಿ’, ‘ಮಟ್ಟ’ ಎರಡನ್ನೂ ಕೈಬಿಟ್ಟೆ. ಮಟ್ಟ ಎಂದ ಕೂಡಲೇ ಕಣ್ಣು ವೋಲ್ಟ್ ಮುಳ್ಳಿನ ಕಡೆ ಹೋಗುತ್ತದೆ. ನಮ್ಮ ಲೆಡ್ ಆಸಿಡ್ ಬ್ಯಾಟರಿ ಕೆಲವು ಗಂಟೆ ಸುಮ್ಮನಿದ್ದ ಮೇಲೆ ಪೂರ್ತಿ ತುಂಬಿದ್ದರೆ ಸುಮಾರು 12.7, ಅರ್ಧಕ್ಕೆ ಬಂದಾಗ 12.2. ನಡುವೆ ಇರುವುದು ಅರ್ಧ ವೋಲ್ಟ್. ಆಟೋಪೈಲಟ್ ಒಮ್ಮೆ ಚುಕ್ಕಾಣಿ ಎಳೆದರೆ ಮುಳ್ಳು ಅದಕ್ಕಿಂತ ಹೆಚ್ಚು ಅಲುಗಾಡಬಹುದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಇನ್ನೂ ಕಷ್ಟ. ಬಹುಪಾಲು ಖರ್ಚಾಗುವವರೆಗೂ ಅದು 13ರ ಆಸುಪಾಸಿನಲ್ಲೇ ನಿಂತಿರುತ್ತದೆ. ಮೋಟರ್ ಬೋಟಿನವರಿಗೆ ಎಂಜಿನ್ ಓಡುತ್ತಲೇ ಇರುತ್ತದೆ, ಬ್ಯಾಟರಿ ತುಂಬುತ್ತಲೇ ಇರುತ್ತದೆ. ನಮಗೆ ಗಾಳಿ ಇದ್ದಷ್ಟು ಹೊತ್ತು ಎಂಜಿನ್ ಇಲ್ಲ. ರಾತ್ರಿ ಸೋಲಾರೂ ಇಲ್ಲ. ಇದ್ದದ್ದರಲ್ಲೇ ಬೆಳಗು ಕಾಣಬೇಕು. ಅದಕ್ಕೇ ನನಗೆ ಎಣಿಸುವ ಪದ ಬೇಕಿತ್ತು.

ಇವತ್ತು ಬೆಳಿಗ್ಗೆ ಇಬ್ಬರು ಹುಡುಗರಿಗೆ ಫೋನ್ ಮಾಡಿ ಕೇಳಿದೆ. ‘ಶಿಲ್ಕು’ ಒಬ್ಬನಿಗೆ ಗೊತ್ತು, ಅವನ ಅಜ್ಜನ ಮಾತಂತೆ. ಇನ್ನೊಬ್ಬನಿಗೆ ಗೊತ್ತಿಲ್ಲ. ‘ಉಳಿಕೆ’ ಇಬ್ಬರಿಗೂ ತಕ್ಷಣ ತಿಳಿಯಿತು. ಆದರೆ ‘ಉಳಿಕೆ 60 ಇದ್ದರೆ ಇನ್ನೆಷ್ಟು ಬಳಸಬಹುದು?’ ಎಂದರೆ ಇಬ್ಬರೂ 60 ಎಂದರು. ಇದು ದೊಡ್ಡ ತಪ್ಪು. ಲೆಡ್ ಆಸಿಡ್ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸೇ ಇಳಿಯುತ್ತದೆ. 200 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ನಮ್ಮ ಕೈಗೆ ಸಿಗುವುದು 100. ರಾತ್ರಿ ಸರಾಸರಿ 6 ಆಂಪಿಯರ್ ಎಳೆದರೆ ಹನ್ನೆರಡು ಗಂಟೆಗೆ 72 ಹೋಯಿತು.

ಆಗ ಆ ಅಜ್ಜನ ಮೊಮ್ಮಗನಿಗೆ ಹೀಗೆ ಹೇಳಿದೆ: ‘ಕಣಜದಲ್ಲಿ ಭತ್ತ ಇದೆ ಅಂತ ಬಿತ್ತನೆ ಬೀಜ ಊಟಕ್ಕೆ ತೆಗೀತೀರೇನೋ?’ ‘ಇಲ್ಲ’ ಅಂದ. ‘ಕೆಳಗಿನ 50 ಬಿತ್ತನೆ ಬೀಜ’ ಅಂದೆ. ‘ಹಾಗಾದ್ರೆ 60 ಅಂದ್ರೆ 10’ ಅಂದ. ಫೋನ್ ಇಟ್ಟ ಮೇಲೂ ಆ ಉತ್ತರ ಕಿವಿಯಲ್ಲೇ ಇತ್ತು.

ಫಲಕಕ್ಕೆ ‘ಚಾರ್ಜ್ ಉಳಿಕೆ’ ಎಂದು ಕಳಿಸುತ್ತಿದ್ದೇನೆ. 50ರ ಹತ್ತಿರ ಕೆಂಪು ಗೆರೆ, ಅದರ ಕೆಳಗೆ ‘ಬಿತ್ತನೆ ಪಾಲು’. ಚಾರ್ಜ್ ಇಂಗ್ಲಿಷ್, ಉಳಿಕೆ ಕನ್ನಡ, ಹುಡುಗರ ಬಾಯಲ್ಲಿ ಎರಡೂ ಇವೆ. ಧಾರವಾಡದವರ ಜಮಾ, ಖರ್ಚು, ಶಿಲ್ಕು ಪ್ರತಿ ನಾಲ್ಕು ಗಂಟೆಗೆ ತುಂಬುವ ಪುಸ್ತಕದ ಮೂರು ಕಾಲಂ ಆಗಲಿವೆ. ಗೆರೆ ಎಳೆದಾಯಿತು. ಮೇಷ್ಟ್ರ ಆವೇಶಕ್ಕೆ ಈ ದೋಣಿಯಲ್ಲಿ ಜಾಗ ಇಲ್ಲ, ಕ್ಷಮಿಸಬೇಕು.

— — —

(ಮಲ್ಪೆಯಿಂದ)

ಒಪ್ಪಿದೆ. ಲಿಥಿಯಂ ಹಾಕಿಸಿದ ದಿನ ಆ ಕೆಂಪು ಗೆರೆಯನ್ನು ಕೆಳಗೆ ಇಳಿಸಲು ಮರೆಯಬೇಡಿ. ಅದು ನೂರಕ್ಕೆ 80ರಷ್ಟು ಖರ್ಚಾದರೂ ತಾಳಿಕೊಳ್ಳುತ್ತದೆ. ಗೆರೆಯನ್ನು ಬೇರೆ ಸ್ಟಿಕ್ಕರ್ ಆಗಿ ಮಾಡಿಸಿ.